ಧನುಷ್ಕೋಡೀಲಿ ಮುಳುಗಿದ್ದು ಬೋಟ್ ಮೇಲಾ, ಪ್ಯಾಸೆಂಜರ್ರಾ?

ಮಂಡ್ಯ ಹೈದ: ಹೋದ್ವಾರ ರಾಮೇಶ್ವರಕ್ಕೆ ಹೋಗಿದ್ದೊ, ಹಂಗೇ ಧನುಷ್ಕೋಡಿನೂ ನೋಡ್ಕಂಡ್ ಬಂದೊ. ಚರ್ಚಿನ ಗೋಡೆ ಅಷ್ಟೇ ನಿಂತದೆ, ಹವಳದ ಕಲ್ಲು, ಕೈಯಿಟ್ರೆ ತರಿತರಿ, ಪಕ್ಕದಲ್ಲೇ ಶಂಖ ಚಿಪ್ಪಿನ ಸರ ಮಾರ್ತಾವ್ರೆ. 1964ರ ಡಿಸೆಂಬರ್ 22ರ ರಾತ್ರಿ ಸೈಕ್ಲೋನಲ್ಲಿ ಬೋಟ್ ಮೇಲ್ ರೈಲನ್ನ ಇಡೀಗ್ ಇಡಿಯೇ ಸಮುದ್ರ ನುಂಗ್ತಂತೆ, ಒಟ್ಟು 1800 ಜನ ಹೋದ್ರಂತೆ. ನಮ್ ಸ್ಕೂಲ್ ಪುಸ್ತಕದಲ್ಲಿ ಒಂದ್ ಲೈನೂ ಇರ್ಲಿಲ್ವಲ್ಲ?

ಹಳಿ ಹುಚ್ಚ: ಬೋಟ್ ಮೇಲ್ ಅಲ್ಲ ಸ್ವಾಮಿ!! ಅದು ಮದ್ರಾಸ್ ಎಗ್ಮೋರಿಂದ ಬರ್ತಿದ್ದ ಗಾಡಿ, ಇಳಿದೋರು ಧನುಷ್ಕೋಡೀಲಿ ಸ್ಟೀಮರ್ ಹತ್ತಿ ಸಿಲೋನಿನ ತಲೈಮನ್ನಾರಿಗೆ ಹೋಗೋರು. ಕೊಚ್ಕೊಂಡು ಹೋಗಿದ್ದು ಪಾಂಬನ್–ಧನುಷ್ಕೋಡಿ ಪ್ಯಾಸೆಂಜರ್, ನಂಬರ್ 653. ಊರು ಹತ್ರ ಬಂದಾಗ ಸಿಗ್ನಲ್ ಸಿಗ್ಲಿಲ್ಲ, ಡ್ರೈವರ್ ಕಾದು ಕಾದು ಸೀಟಿ ಹೊಡ್ದು ಮುಂದೆ ಬಿಟ್ಟ. ಲೆಕ್ಕಕ್ಕೆ ಸಿಕ್ಕಿದ್ದು 115 ಜನ, ಒಬ್ರೂ ಉಳೀಲಿಲ್ಲ.

ಮಂಡ್ಯ ಹೈದ: ಒಬ್ರೂ ಉಳೀಲಿಲ್ಲ ಅಂದ್ಮೇಲೆ ಸೀಟಿ ಹೊಡ್ದಿದ್ದ ಯಾರಪ್ಪ ಕೇಳುಸ್ಕಂಡೋರು?

ಹಳಿ ಹುಚ್ಚ: ಸ್ಟೇಷನ್ ಪಕ್ಕದಲ್ಲೇ ಇತ್ತಲ್ರೀ.

ಮಂಡ್ಯ ಹೈದ: ಆ ಗಾಳೀಲಿ? ಪಕ್ಕದ ಮನೆಯೋರು ಕೂಗಿದ್ರೂ ಕೇಳಕಿಲ್ಲ. ನಮ್ ಗೈಡು ಬೋಟ್ ಮೇಲ್ ಅಂದ, ನಮ್ ತಾತನೂ ಅದೇ ಅನ್ನೋದು.

ಹಳಿ ಹುಚ್ಚ: ಗೈಡು ರಾಮಸೇತುದು ಅಂತ ತೇಲೋ ಕಲ್ಲೂ ತೋರಿಸಿರ್ತಾನೆ ಬಿಡಿ.

ಧಾರವಾಡದಾಕಿ: "ಲೆಕ್ಕಕ್ಕೆ ಸಿಕ್ಕಿದ್ದು" ಅಂದ್ರಲ್ಲ, ನಂದೂ ಅದ ಪ್ರಶ್ನೆ ನೋಡ್ರಿ. ಟಿಕೆಟ್ ಇಲ್ಲದ ಹತ್ತಿದವ್ರನ್ನ ಯಾರ್ ಎಣಿಸಿದ್ರು? ಸುಮಾರು 200 ಅನ್ನೋವ್ರೂ ಅದಾರ.

ಹಳಿ ಹುಚ್ಚ: ಟಿಕೆಟ್ ಇಲ್ದೆ ಹತ್ತಿದ್ರೆ ರೆಕಾರ್ಡಲ್ಲಿ ಹೆಂಗ್ ಬರುತ್ತೆ ಮೇಡಂ?

ಧಾರವಾಡದಾಕಿ: ಸತ್ತವ್ರ ಲೆಕ್ಕ ಕೇಳಿದ್ರ ಟಿಕೆಟ್ ತೋರ್ಸು ಅಂತೀರಲ್ರಿ, ನೀವೇನ್ ಟಿಸಿ ಏನ್ರಿ?? ಸ್ವಲ್ಪ ಮನುಷ್ಯತ್ವ ಇರ್ಲಿ.

ಕಡಲ ತಡಿಯವ: ರೈಲಿನ ಗಲಾಟೆ ಬಿಡಿ ಮಾರಾಯ್ರೆ. ತೌಕ್ತೆ ಚಂಡಮಾರುತ ಅಂದ್ರೆ ಈಗ ಸಣ್ಣ ಮಕ್ಕಳಿಗೂ ಗೊತ್ತುಂಟು, ಆಗ ಗಾಳಿಗೆ ಹೆಸರಿಡುವ ಕ್ರಮವೇ ಇರ್ಲಿಲ್ಲ, ನಮ್ಮ ಕಡೆ ಅದು ಶುರುವಾದದ್ದೇ 2004ರಲ್ಲಿ. ಹಾಗಾಗಿ ಜನರಿಗೆ ರೈಲು ಮಾತ್ರ ನೆನಪುಂಟು. ಸಿಲೋನಿಗೂ ಹೊಡೆದಿತ್ತು, ಅದು ಯಾರಿಗೆ ಬೇಕು?

ಹಳಿ ಹುಚ್ಚ: ರೈಲು ಮಾತ್ರ ಯಾಕೆ, ರಾಮೇಶ್ವರಕ್ಕೆ ಸಮುದ್ರ ದಾಟ್ಸೋ ಪಾಂಬನ್ ರೈಲು ಸೇತುವೆ ಇಲ್ವಾ? ಅದೂ ಆ ಗಾಳೀಲೇ ಹಾಳಾಗಿತ್ತು. ರಿಪೇರಿಗೆ ರೈಲ್ವೆ ಆರು ತಿಂಗಳು ಕೊಟ್ಟಿತ್ತು, ಇಂಜಿನಿಯರ್ ಶ್ರೀಧರನ್ 46 ದಿನಕ್ಕೆ ಮುಗಿಸಿದ್ರು. ಮುಂದೆ ನಿಮ್ಮ ಕೊಂಕಣ ರೈಲ್ವೆ ಮಾಡಿದ್ದೂ ಅವ್ರೇ.

ಧಾರವಾಡದಾಕಿ: ಸೇತುವೆ ಎತ್ತಿ ನಿಲ್ಸಿದ್ರಿ. ಊರು? ವಾಸಕ್ಕ ಯೋಗ್ಯ ಅಲ್ಲ ಅಂತ ಬರದು ಕೈ ತೊಳಕೊಂಡ್ರು, ಆ ಕಡೆ ಹಳೀನೂ ಹಾಕಲಿಲ್ಲ.

ಹಳಿ ಹುಚ್ಚ: ಮರಳು ದಿಣ್ಣೆ ಮೇಲೆ ಮತ್ತೆ ಹಳಿ ಹಾಕಿ ಇನ್ನೊಂದ್ 115 ಜನನ ಮುಳುಗಿಸ್ಬೇಕಿತ್ತಾ?

ಧಾರವಾಡದಾಕಿ: ಮತ್ತ 115.

ಮಂಡ್ಯ ಹೈದ: ಆಯ್ತು ಕಣಣ್ಣ, ಪ್ಯಾಸೆಂಜರ್ರೇ ಇರ್ಲಿ. ಆದ್ರೆ ಅದ್ರಲ್ಲಿ ಬೋಟ್ ಹತ್ತೋಕೆ ಹೊಂಟಿದ್ದೋರು ಇದ್ದಿರ್ಬೋದಲ್ವಾ? ಹಂಗಾದ್ರೆ ತಾತ ಹೇಳಿದ್ದೂ ಸರಿನೇ.

ಹಳಿ ಹುಚ್ಚ: 653.