ಕೆರೆಯ ಮೇಲ್ಭಾಗದ ಜಮೀನಿನ ಭೂ ಉಪಯೋಗ ಬದಲಾವಣೆ: ಆಕ್ಷೇಪಣೆ ಸಲ್ಲಿಸುವ ಬಗ್ಗೆ

ಸಂಘದ ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಗೂ ಹಳೇ ಊರಿನ ಗ್ರಾಮಠಾಣಾಕ್ಕೂ ನಡುವೆ ಇರುವ ಜಮೀನನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸುವ ಪ್ರಕಟಣೆ ಪತ್ರಿಕೆಯಲ್ಲಿ ಬಂದಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಕಲಮಿನ ಪ್ರಕಾರ ಇಂತಹ ಬದಲಾವಣೆಗೆ ಮುನ್ನ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಲೇಬೇಕು. ಪ್ರಕಟಣೆಯಲ್ಲಿ ಅದಕ್ಕೆ 15 ದಿನಗಳ ಅವಕಾಶವಿದೆ. ಇದು ದಾಟಿದರೆ ಮುಂದಿನದು 1964ರ ಭೂಕಂದಾಯ ಕಾಯ್ದೆಯಡಿ ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ, ನಂತರ ವಿನ್ಯಾಸ ನಕ್ಷೆಯ ಅನುಮೋದನೆ. ಆ ಹಂತಗಳಲ್ಲಿ ನಮ್ಮನ್ನು ಯಾರೂ ಹೀಗೆ ಕರೆದು ಕೇಳುವುದಿಲ್ಲ.

ಮನೆ ಕಟ್ಟುವುದನ್ನೇ ವಿರೋಧಿಸುವುದು ನ್ಯಾಯವಲ್ಲವೆಂದು ನಾನು ನಂಬಿದ್ದೇನೆ. ನಾವೂ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದಲ್ಲೇ ನೆಲೆಸಿದವರು. ಆದರೆ ಈ ಬದಲಾವಣೆ ಕೋರಿದ ಅರ್ಜಿಯ ಜೊತೆಗಿರುವ ನಕ್ಷೆಯಲ್ಲಿ ಕೆರೆಗೆ ನೀರು ತರುವ ಹಳ್ಳವೇ ಕಾಣುವುದಿಲ್ಲ. ನಮ್ಮ ಆಕ್ಷೇಪಣೆ ಇದನ್ನೇ ಹಿಡಿದು ನಿಲ್ಲಬೇಕು.

ಹಳೇ ಊರಿನ ನಿವಾಸಿ
ಕಾರ್ಯದರ್ಶಿಯವರು ಹೇಳಿದ್ದು ಸರಿ. ಬೇಸಿಗೆಯಲ್ಲಿ ನೋಡಿದವರಿಗೆ ಆ ಹಳ್ಳ ಹೊಂಗೆ ಮರಗಳ ಸಾಲಿನ ಕೆಳಗಿನ ಒಂದು ತಗ್ಗು, ಅಷ್ಟೇ. ಎರಡೂ ಬದಿಯವರು ಬದು ಒತ್ತಿ ಉತ್ತಿರುವುದರಿಂದ ಕೆಲವು ಕಡೆ ಆ ತಗ್ಗೂ ಉಳಿದಿಲ್ಲ. ಮಳೆ ಹಿಡಿದಾಗ ಮಾತ್ರ ಮೇಲಿನ ದಿಣ್ಣೆಯ ನೀರೆಲ್ಲ ಇಲ್ಲಿಂದಲೇ ಹರಿದು ಕೆರೆ ಸೇರುತ್ತದೆ. ಅಲ್ಲಿ ಮಣ್ಣು ತುಂಬಿ ರಸ್ತೆ ಮಾಡಿದರೆ ಕೆರೆ ಬರಿದಾಗುವುದಲ್ಲದೆ, ಆ ನೀರು ನಿಮ್ಮ ಬಡಾವಣೆಯ ತಗ್ಗಿನ ಮನೆಗಳಿಗೇ ನುಗ್ಗುತ್ತದೆ. ಸರ್ವೆ ಇಲಾಖೆಯ ಗ್ರಾಮ ನಕಾಶೆಯಲ್ಲಿ ಹಳ್ಳವೂ ಇದೆ, ಅದರ ಪಕ್ಕದಲ್ಲಿ ಎರಡು ಸಾಲು ಚುಕ್ಕೆಗಳಿಂದ ಗುರುತಿಸಿದ ಬಂಡಿದಾರಿಯೂ ಇದೆ. ಅಚ್ಚುಕಟ್ಟಿನ ಗದ್ದೆಗಳಿಗೆ ನಮಗಿರುವುದು ಅದೊಂದೇ ದಾರಿ. ನಕಾಶೆಯ ದೃಢೀಕೃತ ಪ್ರತಿಗೆ ನಾನು ಅರ್ಜಿ ಹಾಕಿದ್ದೇನೆ.

ನಾಲ್ಕನೇ ಅಡ್ಡರಸ್ತೆಯ ನಿವಾಸಿ, ನಿವೃತ್ತ ಎಂಜಿನಿಯರ್
ನಕಾಶೆಯ ಪ್ರತಿಯೊಂದಿಗೆ 2011ರ ಜಗ್ಪಾಲ್ ಸಿಂಗ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪನ್ನೂ ಲಗತ್ತಿಸೋಣ. ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಿ ಗ್ರಾಮಸ್ಥರ ಬಳಕೆಗೆ ಮರಳಿಸಬೇಕೆಂದು ಅದು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿದೆ. ನನಗೆ ಅಷ್ಟೇ ಆತಂಕವಿರುವುದು ಕೊಳಚೆ ನೀರಿನ ಬಗ್ಗೆ. ಇಲ್ಲಿ ಒಳಚರಂಡಿಯ ಮುಖ್ಯ ಕೊಳವೆಯೇ ಇಲ್ಲದಿರುವಾಗ ಮನೆಗೊಂದು ಗುಂಡಿ ತೋಡಿದರೆ ಅದರ ಬಸಿನೀರು ಸೇರುವುದು ಊರಿನವರು ಕುಡಿಯುವ ಬೋರ್‌ವೆಲ್‌ಗಳಿಗೆ. ಶುದ್ಧೀಕರಣ ಘಟಕವನ್ನು ಎಲ್ಲಿ ಕಟ್ಟುತ್ತಾರೆ, ಶುದ್ಧವಾದ ನೀರನ್ನು ಎಲ್ಲಿಗೆ ಬಿಡುತ್ತಾರೆ, ನಿರ್ವಹಣೆ ಯಾರದ್ದು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಬೇಕು. ಉದ್ಯಾನ, ರಸ್ತೆ ಮತ್ತು ನಾಗರಿಕ ಸೌಲಭ್ಯದ ಜಾಗಗಳನ್ನು ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡುವ ತನಕ ನಿವೇಶನ ಮಾರಾಟಕ್ಕೆ ಅವಕಾಶ ಕೊಡಬಾರದೆಂದೂ ಸೇರಿಸೋಣ. ಉದ್ಯಾನಕ್ಕೆಂದು ಬಿಟ್ಟ ಜಾಗ ಹಸ್ತಾಂತರವಾಗದೆ ಬೇಲಿಯೊಳಗೆ ಉಳಿದರೆ ಏನಾಗುತ್ತದೆಂಬುದನ್ನು ನಮ್ಮ ಬಡಾವಣೆಯಲ್ಲೇ ಕಾಣುತ್ತಿದ್ದೇವೆ.

ಎರಡನೇ ಅಡ್ಡರಸ್ತೆಯ ನಿವಾಸಿ
ಎಲ್ಲರ ಸಹಿ ಹಾಕಿದ ಒಂದೇ ಮನವಿ ಸಾಕಲ್ಲವೇ? ಕೆಲಸಕ್ಕೆ ಹೋಗುವವರಿಗೆ ಕಚೇರಿಗೆ ಅಲೆಯುವುದು ಕಷ್ಟ.

ಸಂಘದ ಕಾರ್ಯದರ್ಶಿ
ಒಂದೇ ಮನವಿಯನ್ನು ಒಂದೇ ಆಕ್ಷೇಪಣೆಯೆಂದು ಎಣಿಸುವ ಸಾಧ್ಯತೆ ಇರುವುದರಿಂದ ಪ್ರತಿ ಮನೆಯಿಂದಲೂ ಪ್ರತ್ಯೇಕ ಪತ್ರ ಹೋಗುವುದು ಒಳ್ಳೆಯದು. ಕರಡನ್ನು ನಾನು ಸಿದ್ಧಪಡಿಸುತ್ತೇನೆ. ಸರ್ವೆ ನಂಬರ್, ಪ್ರಕಟಣೆಯ ದಿನಾಂಕ ಮತ್ತು ನಿಮ್ಮ ಮನೆಗೆ ಆಗುವ ತೊಂದರೆಯನ್ನು ನಿಮ್ಮದೇ ಮಾತುಗಳಲ್ಲಿ ಬರೆದು ಸಹಿ ಮಾಡಿಕೊಡಿ. ನಾವು ಕೆಲವರು ಹೋಗಿ ಸಲ್ಲಿಸಿ, ಪ್ರತಿಯೊಂದಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬರುತ್ತೇವೆ. ಊರಿನ ಹಿರಿಯರು ಗ್ರಾಮಸಭೆಯಲ್ಲಿ ಈ ವಿಷಯ ಮಂಡಿಸಿ, ನಿರ್ಣಯದ ನಕಲನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಪಡೆದುಕೊಟ್ಟರೆ ಅದನ್ನೂ ಲಗತ್ತಿಸುತ್ತೇವೆ. ಭಾನುವಾರ ಬೆಳಿಗ್ಗೆ ಹಳ್ಳದ ಉದ್ದಕ್ಕೂ ನಡೆದು ಫೋಟೊ ತೆಗೆಯಲಿದ್ದೇವೆ; ಎರಡೂ ಕಡೆಯವರು ಬರಬೇಕೆಂದು ವಿನಂತಿ.