ಅಪರೂಪಕ್ಕೆ ಹಾರಿಸುವ ಬಂದೂಕಿಗೆ ಇಷ್ಟೊಂದು ಹಣ, ಇಷ್ಟೊಂದು ಆಸ್ಥೆ ಏಕೆ?

ಪ್ರಶ್ನೆ (ಟೆಕ್ಸಾಸ್‌ನಿಂದ)

ಟೆಕ್ಸಾಸಿಗೆ ಬಂದು ನೆಲೆಸಿದಂದಿನಿಂದ ಮನಸ್ಸಿನಲ್ಲೇ ಉಳಿದಿರುವ ಪ್ರಶ್ನೆಯೊಂದನ್ನು, ತಿಳಿದವರು ಇಲ್ಲಿದ್ದಾರೆಂಬ ನಂಬಿಕೆಯಿಂದ ಕೇಳುತ್ತಿದ್ದೇನೆ. ನನ್ನೊಡನೆ ಕೆಲಸ ಮಾಡುವ ಹಿರಿಯ ಇಂಜಿನಿಯರೊಬ್ಬರ ಗ್ಯಾರೇಜಿನಲ್ಲಿ ಆಳೆತ್ತರದ ಉಕ್ಕಿನ ಕಪಾಟೊಂದಿದೆ. ಅದರೊಳಗೆ ರೈಫಲ್‌ಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಪಕ್ಕದ ಮೇಜಿನ ಮೇಲೆ ಟಾರ್ಕ್ ರೆಂಚ್, ಪಿನ್ನುಗಳನ್ನು ಬಡಿದು ಕೂರಿಸುವ ಹಿತ್ತಾಳೆಯ ಪಂಚ್‌ಗಳು, ಎಣ್ಣೆಯ ಶೀಶೆ, ಇನ್ನೂ ಡಬ್ಬಿಯಿಂದ ಹೊರತೆಗೆಯದ ಬಿಡಿಭಾಗಗಳು. ಅವರು ಬೇಟೆಗೆ ಹೋಗುವವರಲ್ಲ, ಸ್ಪರ್ಧೆಗಳಿಗೂ ಹೋಗುವವರಲ್ಲ. ಶೂಟಿಂಗ್ ರೇಂಜಿಗೆ ಹೋಗುವುದು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ ಎಂದು ಅವರೇ ಹೇಳುತ್ತಾರೆ. ಆದರೂ ಇರುವ ಟ್ರಿಗರ್ ತೆಗೆದು ಬೇರೆಯದನ್ನು ಹಾಕುವುದು, ಗುರಿ ನೋಡುವ ದುರ್ಬೀನಾದ ಸ್ಕೋಪ್ ಬದಲಿಸುವುದು, ಹಿಡಿಯನ್ನು ಬದಲಿಸಿ ಒಂದು ವಾರದ ಮೇಲೆ ಹಳೆಯದನ್ನೇ ಮತ್ತೆ ಕೂರಿಸುವುದು ನಡೆದೇ ಇರುತ್ತದೆ.

ಅವರು ಮೃದು ಸ್ವಭಾವದವರು, ಎಲ್ಲದರಲ್ಲೂ ಎಚ್ಚರಿಕೆಯುಳ್ಳವರು. ನನ್ನ ಮಗ ಅವರ ಮಗನ ಗೆಳೆಯನಾದ್ದರಿಂದ ಆ ಮನೆಗೆ ಹೋಗಿ ಬರುವುದೂ ಹೆಚ್ಚಾಗಿದೆ. ಆದ್ದರಿಂದ ಇದನ್ನು ಅಮೆರಿಕನ್ನರ ಹುಚ್ಚು ಎಂದು ತಳ್ಳಿಹಾಕುವ ಉತ್ತರವಾಗಲಿ, ಬಂದೂಕು ಹೊಂದುವ ಹಕ್ಕು ಕೊಡುವ ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿಯ ವಾದವಾಗಲಿ ನನಗೆ ಬೇಡ. ಹಾರಿಸುವುದೇ ಇಲ್ಲವೆನ್ನುವಷ್ಟು ಅಪರೂಪಕ್ಕೆ ಕೈಗೆತ್ತಿಕೊಳ್ಳುವ ಆಯುಧವನ್ನು ಒಬ್ಬ ವಿವೇಕಿ ಇಷ್ಟು ಪ್ರೀತಿಯಿಂದ ತಿದ್ದುತ್ತ ಕೂರುವುದು ಏಕೆ ಎಂಬುದು ನಿಜವಾಗಿಯೂ ಅರ್ಥವಾಗಬೇಕಾಗಿದೆ.

ಉತ್ತರ 1 (ಓಹಿಯೋದಿಂದ)

ಗ್ರೀನ್ ಕಾರ್ಡ್ ಬಂದ ಮೇಲೆ ಈ ಹವ್ಯಾಸಕ್ಕೆ ಇಳಿದವನು ನಾನು; ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ನಿಮ್ಮ ಸಹೋದ್ಯೋಗಿಯ ಸಂತೋಷ ರೇಂಜಿನಲ್ಲಿಲ್ಲ, ಆ ಮೇಜಿನ ಮುಂದಿದೆ. ಗುಂಡು ಹಾರಿಸುವುದು ಅವರಿಗೆ ಕೆಲಸ ಸರಿಯಾಯಿತೋ ಇಲ್ಲವೋ ಎಂದು ನೋಡುವ ಪರೀಕ್ಷೆ ಮಾತ್ರ. ಪರೀಕ್ಷೆ ವರ್ಷಕ್ಕೆ ಕೆಲವು ಸಲ ಸಾಕು. ಕೆಲಸವಾದರೋ ಮುಗಿಯುವುದೇ ಇಲ್ಲ.

ಆ ಕೆಲಸ ಮನೆಯ ಮೇಜಿಗೆ ಹೇಗೆ ಬಂತೆಂದು ತಿಳಿದರೆ ಉಳಿದದ್ದು ತಾನಾಗಿಯೇ ಸ್ಪಷ್ಟವಾಗುತ್ತದೆ. ಹಿಂದಿನ ರೈಫಲ್‌ಗಳಲ್ಲಿ ನಳಿಗೆಯನ್ನು ರಿಸೀವರ್‌ಗೆ, ಅಂದರೆ ಬಂದೂಕಿನ ಯಂತ್ರಭಾಗಗಳನ್ನು ಹಿಡಿದಿರುವ ನಡುವಿನ ಚೌಕಟ್ಟಿಗೆ, ತಿರುಪಿನಂತೆ ತಿರುಗಿಸಿ ಬಿಗಿಯುತ್ತಿದ್ದರು. ಅದನ್ನು ಬಿಚ್ಚಿ ಬೇರೊಂದನ್ನು ಕೂರಿಸಲು ಬಲವಾದ ವೈಸ್, ಅಳತೆಯ ಗೇಜು, ಬಂದೂಕು ದುರಸ್ತಿಯಲ್ಲಿ ಅನುಭವವಿರುವ ಗನ್‌ಸ್ಮಿತ್ ಎಲ್ಲವೂ ಬೇಕಾಗುತ್ತಿದ್ದವು. 1964ರಲ್ಲಿ ರೂಗರ್ ಕಂಪನಿ 10/22 ಎಂಬ, .22 ಇಂಚಿನ ಸಣ್ಣ ತೋಟೆ ಬಳಸುವ ರೈಫಲನ್ನು ಹೊರತಂದಾಗ, ನಳಿಗೆಯನ್ನು ವಿ-ಬ್ಲಾಕ್ ಎಂಬ V ಆಕಾರದ ಲೋಹದ ತುಂಡು ಮತ್ತು ಎರಡು ಸ್ಕ್ರೂಗಳಿಂದ ಹಿಡಿದು ನಿಲ್ಲಿಸುವ ವಿನ್ಯಾಸ ಮಾಡಿತು. ಸಾಧಾರಣ ಆಲನ್ ಕೀ ಇದ್ದ ಯಾರು ಬೇಕಾದರೂ ಮನೆಯಲ್ಲೇ ನಳಿಗೆ ಬದಲಿಸಬಹುದಾಯಿತು. ಇಂದು ಅದೇ ಮಾದರಿಯ ರೈಫಲನ್ನು ರೂಗರ್ ತಯಾರಿಸಿದ ಒಂದು ಭಾಗವೂ ಇಲ್ಲದಂತೆ, ಬೇರೆ ಬೇರೆ ತಯಾರಕರಿಂದ ಕೊಂಡ ಭಾಗಗಳಿಂದಲೇ ಜೋಡಿಸಬಹುದು.

ಇದಕ್ಕಿಂತ ದೊಡ್ಡ ಕಥೆ ಎಆರ್-15ರದು. 1950ರ ದಶಕದ ಕೊನೆಯಲ್ಲಿ ಆರ್ಮಲೈಟ್ ಕಂಪನಿಯಲ್ಲಿ ಯೂಜೀನ್ ಸ್ಟೋನರ್ ರೂಪಿಸಿದ ಈ ರೈಫಲಿನ ಹಕ್ಕನ್ನು ಕೋಲ್ಟ್ 1959ರಲ್ಲಿ ಕೊಂಡಿತು. 1977ರಲ್ಲಿ ಪೇಟೆಂಟ್ ಮುಗಿದ ಮೇಲೆ ಯಾರು ಬೇಕಾದರೂ ಅದನ್ನು ತಯಾರಿಸಬಹುದಾಯಿತು. ಸೈನ್ಯಕ್ಕೆಂದು ಕಟ್ಟುನಿಟ್ಟಾಗಿ ಗೊತ್ತುಪಡಿಸಿದ ಅಳತೆಗಳಿದ್ದುದರಿಂದ ಒಬ್ಬ ತಯಾರಕನ ಭಾಗ ಇನ್ನೊಬ್ಬನ ಭಾಗಕ್ಕೆ ಹೊಂದುತ್ತಿತ್ತು. 1995ರಲ್ಲಿ ನ್ಯೂಜೆರ್ಸಿಯ ಪಿಕಟಿನಿ ಆರ್ಸೆನಲ್ ಎಂಬ ಸೈನಿಕ ಶಸ್ತ್ರಾಗಾರದ ಹೆಸರಿನ ರೈಲ್ ಸೈನ್ಯದ ಮಾನಕವಾಯಿತು. ಸುಮಾರು 10 ಮಿಲಿಮೀಟರ್ ಅಂತರದಲ್ಲಿ ಅಡ್ಡಗೀರುಗಳಿರುವ ಆ ಲೋಹದ ಪಟ್ಟಿಯ ಮೇಲೆ ಸ್ಕೋಪು, ದೀಪ, ಮುಂಗೈಹಿಡಿ ಎಲ್ಲವೂ ಒಂದೇ ಬಗೆಯಲ್ಲಿ ಕೂರುತ್ತವೆ.

ಇದಕ್ಕೆ ಕಾನೂನಿನ ಒಂದು ವಿಶೇಷವೂ ಸೇರಿಕೊಂಡಿತು. 1968ರ ಗನ್ ಕಂಟ್ರೋಲ್ ಕಾಯಿದೆಯ ಪ್ರಕಾರ ಎಆರ್-15ರಲ್ಲಿ ಬಂದೂಕು ಎನಿಸಿಕೊಳ್ಳುವುದು ಕ್ರಮಸಂಖ್ಯೆ ಕೆತ್ತಿದ ಲೋವರ್ ರಿಸೀವರ್ (ಟ್ರಿಗರ್ ಕೂರುವ ಕೆಳಗಿನ ಚೌಕಟ್ಟು) ಒಂದೇ. ಪರವಾನಗಿ ಪಡೆದ ಅಂಗಡಿಯಲ್ಲಿ 4473 ಸಂಖ್ಯೆಯ ನಮೂನೆ ತುಂಬಿ, 1998ರಿಂದ ನಡೆಯುತ್ತಿರುವ ಹಿನ್ನೆಲೆ ತಪಾಸಣೆಯನ್ನು ದಾಟಿಯೇ ಅದನ್ನು ಪಡೆಯಬೇಕು. ನಳಿಗೆ, ಟ್ರಿಗರ್, ಭುಜಕ್ಕಾನಿಸುವ ಸ್ಟಾಕ್ ಮುಂತಾದವು ಬಿಡಿಭಾಗಗಳಷ್ಟೇ; ಬಹುತೇಕ ರಾಜ್ಯಗಳಲ್ಲಿ ಪಾರ್ಸೆಲ್ಲಿನಲ್ಲಿ ಬಾಗಿಲಿಗೇ ಬರುತ್ತವೆ. ಒಂದು ಸಲ ಲೋವರ್ ಕೈಗೆ ಬಂದರೆ ಹವ್ಯಾಸಿಗೆ ವರ್ಷಗಟ್ಟಲೆ ಮಾಡುವಷ್ಟು ಕೆಲಸ ಸಿಕ್ಕಂತೆ.

ಆ ಕೆಲಸದ ರುಚಿ ಎಂಥದ್ದೆಂದು ಟ್ರಿಗರಿನ ಉದಾಹರಣೆಯಿಂದ ಹೇಳುತ್ತೇನೆ. ಕಾರ್ಖಾನೆಯಿಂದ ಬರುವ ಸೈನ್ಯ ಮಾದರಿಯ ಟ್ರಿಗರನ್ನು ಎಳೆಯಲು ಎರಡೂವರೆಯಿಂದ ನಾಲ್ಕು ಕಿಲೋವರೆಗೂ ಬಲ ಬೇಕು, ಎಳೆಯುವಾಗ ಮರಳು ಸವೆದಂತೆ ಬೆರಳಿಗೆ ತಾಗುತ್ತದೆ. ಒಳ್ಳೆಯ ಟ್ರಿಗರ್ ಹಾಕಿದರೆ ಒಂದೂವರೆ ಕಿಲೋ ಸುಮಾರಿನ ಒತ್ತಡಕ್ಕೆ, ಯಾವ ಜಗ್ಗಾಟವೂ ಇಲ್ಲದೆ ತಟ್ಟನೆ ಬಿಡುಗಡೆಯಾಗುತ್ತದೆ. ಇಲ್ಲಿನ ಹವ್ಯಾಸಿಗಳು ಅದನ್ನು ಗಾಜಿನ ಕಡ್ಡಿ ಮುರಿದಂತೆ ಎನ್ನುತ್ತಾರೆ. ಈ ವ್ಯತ್ಯಾಸವನ್ನು ತಿಳಿಯಲು ಗುಂಡೇ ಬೇಕಿಲ್ಲ. ತೋಟೆ ಇಲ್ಲವೆಂದು ಮತ್ತೆ ಮತ್ತೆ ಪರೀಕ್ಷಿಸಿದ ಬಂದೂಕನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಎಳೆದರೂ ಬೆರಳಿಗೆ ಗೊತ್ತಾಗುತ್ತದೆ. ತನ್ನ ಕೈಯಾರೆ ಕೂರಿಸಿದ ಯಂತ್ರ ಕೂದಲೆಳೆಯಷ್ಟೂ ಎಡವದೆ ನಡೆಯುವುದನ್ನು ಬೆರಳ ತುದಿಯಲ್ಲಿ ಅನುಭವಿಸುವ ಆ ಕ್ಷಣಕ್ಕಾಗಿಯೇ ಜನ ಸಂಜೆಗಳನ್ನು ಕಳೆಯುತ್ತಾರೆ. ನಿಮ್ಮ ಸಹೋದ್ಯೋಗಿ ಹೊಸ ಹಿಡಿಯನ್ನು ತೆಗೆದು ಹಳೆಯದನ್ನೇ ಮತ್ತೆ ಹಾಕಿದ್ದೂ ಇದೇ ಹುಡುಕಾಟದಲ್ಲಿ: ಮಣಿಕಟ್ಟಿನ ಕೋನ ಅವರ ಕೈಗೆ ಒಗ್ಗಿರಲಾರದು.

ಓದೂ ಇದೆ, ಅದರಲ್ಲಿ ಅರ್ಧ ಕಾನೂನಿನ ಓದು. ಭುಜಕ್ಕಾನಿಸುವ ರೈಫಲಿನ ನಳಿಗೆ 16 ಇಂಚಿಗಿಂತ ಕಡಿಮೆಯಾದರೆ ಅದು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಮುಂಚಿತವಾಗಿ ಅನುಮತಿ ಪಡೆಯದೆ ಹಾಗೆ ಜೋಡಿಸಿದರೆ ಜೈಲು ಶಿಕ್ಷೆಯ ಅಪರಾಧ. ಆದ್ದರಿಂದ ಈ ಹವ್ಯಾಸದಲ್ಲಿರುವ ಜವಾಬ್ದಾರಿಯುತ ಜನ ಭಾಗ ಕೊಳ್ಳುವ ಮೊದಲು ನಿಯಮ ಓದುತ್ತಾರೆ.

ಉತ್ತರ 2 (ಅರಿಜೋನಾದಿಂದ)

ಮೇಲಿನ ಉತ್ತರ ಸರಿಯಾಗಿದೆ, ಆದರೆ ಅದರಲ್ಲಿ ಹವ್ಯಾಸದ ಶುಭ್ರವಾದ ಮುಖವಷ್ಟೇ ಕಾಣುತ್ತಿದೆ. ಕೆಲವು ವರ್ಷಗಳಿಂದ ರೇಂಜಿಗೆ ಹೋಗುತ್ತಿರುವ ಮಹಿಳೆಯಾಗಿ ನಾನು ಕಂಡಂತೆ, ಕೊಳ್ಳುವುದಕ್ಕೂ ತಿದ್ದುವುದಕ್ಕೂ ಕಾರಣ ಒಂದೇ ಇರುವುದಿಲ್ಲ. 2023ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ನಡೆಸಿದ ಸಮೀಕ್ಷೆಯಲ್ಲಿ ಬಂದೂಕಿರುವವರ ಪೈಕಿ ಶೇ 72ರಷ್ಟು ಜನ ಆತ್ಮರಕ್ಷಣೆಯನ್ನು ಮುಖ್ಯ ಕಾರಣವಾಗಿ ಹೇಳಿದರು. ಬೇಟೆಯನ್ನು ಹೇಳಿದವರು ಶೇ 32, ಗುರಿಯಾಟವನ್ನು ಹೇಳಿದವರು ಶೇ 30, ಸಂಗ್ರಹವನ್ನು ಹೇಳಿದವರು ಶೇ 15. ರಕ್ಷಣೆಗೆಂದು ಕೊಂಡದ್ದನ್ನು ಬಳಸುವ ಸಂದರ್ಭ ಬಾರದಿರಲಿ ಎಂದೇ ಕೊಂಡವರೂ ಬಯಸುತ್ತಾರೆ. ಅಂಥ ಬಂದೂಕು ಬೀರುವಿನಲ್ಲೇ ಉಳಿದರೆ ಅದು ವ್ಯರ್ಥವಾಯಿತೆಂದು ಅವರಿಗೆ ಅನ್ನಿಸುವುದೇ ಇಲ್ಲ.

ಆದರೆ ಆ ಕಾರಣ ಮೊದಲನೆಯ ಬಂದೂಕಿಗೆ ಒಪ್ಪುತ್ತದೆ, ಎಂಟನೆಯದಕ್ಕೆ ಒಪ್ಪುವುದಿಲ್ಲ. ಎಂಟನೆಯದರ ಹಿಂದೆ ಇನ್ನೊಂದು ಭಯವಿದೆ: ಇಂದು ಕೊಳ್ಳದಿದ್ದರೆ ನಾಳೆ ಸಿಗಲಾರದು ಎಂಬುದು. ಅದು ಆಧಾರವಿಲ್ಲದ ಭಯವೂ ಅಲ್ಲ. 1994ರಿಂದ 2004ರವರೆಗೆ ಅರೆ-ಸ್ವಯಂಚಾಲಿತ (ಟ್ರಿಗರ್ ಒಮ್ಮೆ ಎಳೆದರೆ ಒಂದು ಗುಂಡು ಹಾರಿ, ಮುಂದಿನ ತೋಟೆ ತಾನಾಗಿ ಸಿದ್ಧವಾಗುವ) ರೈಫಲ್‌ಗಳ ಹಲವು ಮಾದರಿಗಳ ಮೇಲೆ ಒಕ್ಕೂಟ ಸರ್ಕಾರದ ನಿಷೇಧವಿತ್ತು. ಮಡಚುವ ಸ್ಟಾಕ್, ಬೆಂಕಿಯ ಮಿಂಚನ್ನು ಮರೆಮಾಡುವ ನಳಿಗೆಯ ಮೂತಿ ಇಂಥ ಭಾಗಗಳನ್ನು ಎಣಿಸಿ ಯಾವುದು ನಿಷಿದ್ಧವೆಂದು ತೀರ್ಮಾನಿಸುವ ಕಾನೂನದು. ಅದರಿಂದಾಗಿ ಆ ಭಾಗಗಳ ಮೇಲೆಯೇ ಜನರ ಆಸೆ ನೆಟ್ಟಿತು ಎಂಬುದು ನನ್ನ ಅಭಿಪ್ರಾಯ. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಪುಟ್ಟ ಮಕ್ಕಳ ಹತ್ಯೆಯಾದ ಮೇಲೆ ಮತ್ತೆ ನಿಷೇಧದ ಮಾತು ಬಂದಾಗ ಅಂಗಡಿಗಳ ಕಪಾಟುಗಳು ಬರಿದಾದವು, ಸಾಧಾರಣ .22 ತೋಟೆ ಕೂಡ ಬಹುಕಾಲ ಸಿಗಲಿಲ್ಲ. 2020ರಲ್ಲಿ ಕೋವಿಡ್ ಬಂದಾಗಲೂ ಹಾಗೆಯೇ ಆಯಿತು. ದುಃಖದ ಸುದ್ದಿ ಬಂದ ವಾರವೇ ಮಾರಾಟ ಏರುವುದನ್ನು ನೋಡುವಾಗ ನನಗೆ ಬಹಳ ನೋವಾಗುತ್ತದೆ, ಅದನ್ನು ಹೇಳದೆ ಇರಲಾರೆ.

ಇನ್ನು ಹಾರಿಸುವುದು ಕಡಿಮೆಯಾಗಲು ಲೌಕಿಕವಾದ ಕಾರಣಗಳೂ ಇವೆ. ಎಆರ್-15ರಲ್ಲಿ ಬಳಸುವ .223 ತೋಟೆಯೊಂದಕ್ಕೆ ಸುಮಾರು ಅರ್ಧ ಡಾಲರ್ ಬೀಳುತ್ತದೆ, ಅರ್ಧ ಗಂಟೆಯಲ್ಲಿ ನೂರು ತೋಟೆ ಖಾಲಿಯಾಗುವುದು ಗೊತ್ತೇ ಆಗುವುದಿಲ್ಲ. ರೇಂಜಿನ ಶುಲ್ಕ, ಹೋಗಿ ಬರುವ ದಾರಿ, ಹಿಂದಿರುಗಿದ ಮೇಲೆ ನಳಿಗೆ ಸ್ವಚ್ಛ ಮಾಡುವ ಕೆಲಸ ಇವನ್ನೆಲ್ಲ ಸೇರಿಸಿದರೆ ಒಂದು ಭಾನುವಾರ ಪೂರ್ತಿ ಬೇಕು. ರಾತ್ರಿ ಊಟವಾದ ಮೇಲೆ ಬಿಡಿಭಾಗಗಳ ಜಾಲತಾಣ ನೋಡುವುದಕ್ಕೆ ಮಕ್ಕಳು ಮಲಗಿದ ಮೇಲಿನ ಇಪ್ಪತ್ತು ನಿಮಿಷ ಸಾಕು. ಸಂಸಾರವಂದಿಗರ ಹವ್ಯಾಸ ಕೊಳ್ಳುವ ಕಡೆಗೆ ವಾಲುವುದು ಹೀಗೆ.

ಉತ್ತರ 3 (ಕೊಡಗಿನಿಂದ)

ಕೊಡವರ ಮನೆಗಳಲ್ಲೂ ಅಪರೂಪಕ್ಕೆ ಹಾರಿಸುವ ಕೋವಿಗಳಿವೆ ಎಂಬ ಕಾರಣಕ್ಕೆ ಎರಡು ಮಾತು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು 1861ರಲ್ಲಿ ಬ್ರಿಟಿಷರು ನೀಡಿದ ವಿನಾಯಿತಿ ಇಂದಿಗೂ ಬೇರೆ ರೂಪದಲ್ಲಿ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. 1972ರ ವನ್ಯಜೀವಿ ಕಾಯಿದೆಯ ನಂತರ ಬೇಟೆಯ ಕಾಲ ಮುಗಿದಿದ್ದು, ಕೋವಿ ಹೊರಬರುವುದು ಮುಖ್ಯವಾಗಿ ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗೆ, ಮನೆಯಲ್ಲಿ ಜನನವೋ ಮರಣವೋ ಆದಾಗ. ಹಬ್ಬದ ದಿನ ಅದನ್ನು ಒರೆಸಿ, ದೇವರ ಕೋಣೆಯಲ್ಲಿಟ್ಟು, ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜಿಸುತ್ತೇವೆ.

ಆದರೆ ಅದನ್ನು ಬದಲಾಯಿಸುವ ಆಸೆ ನನಗೆ ಹುಟ್ಟಿದ್ದೇ ಇಲ್ಲ. ಅಜ್ಜನ ಕೈ ಸವೆದ ಮರದ ಹಿಡಿಯನ್ನು ತೆಗೆದು ಹೊಸದನ್ನು ಹಾಕಿದರೆ ಅದು ಅಜ್ಜನ ಕೋವಿಯಾಗಿ ಉಳಿಯುವುದಿಲ್ಲ. ಕಾನೂನಿನಲ್ಲೂ ಅವಕಾಶ ಕಡಿಮೆ: ಭಾರತದ ಆಯುಧ ಕಾಯಿದೆಯಡಿ ಬಂದೂಕು ತಯಾರಿಸುವುದಕ್ಕೂ ಮಾರ್ಪಡಿಸುವುದಕ್ಕೂ ಪ್ರತ್ಯೇಕ ಪರವಾನಗಿ ಬೇಕು. ಓಹಿಯೋದವರು ಬರೆದ ಮೇಜು ಇಲ್ಲಿ ಯಾರ ಮನೆಯಲ್ಲೂ ಇರಲಾರದು.

ಉತ್ತರ 4 (ಮಿಷಿಗನ್‌ನಿಂದ, ವೈದ್ಯ)

ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವವನಾಗಿ, ಪ್ರಶ್ನೆಯಲ್ಲಿ ಬಂದಿರುವ ಮಗುವಿನ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ ಎಂಬ ಕಳವಳದಿಂದ ಬರೆಯುತ್ತಿದ್ದೇನೆ. ಹವ್ಯಾಸಿ ತನ್ನ ಬಂದೂಕನ್ನು ಯಂತ್ರವಾಗಿ ಪ್ರೀತಿಸುತ್ತಾನೆಂಬುದನ್ನು ಒಪ್ಪುತ್ತೇನೆ. ಆದರೆ ವರ್ಷವಿಡೀ ಹಾರಿಸದ ಬಂದೂಕೂ ದಿನವೂ ಹಾರಿಸುವ ಬಂದೂಕಿನಷ್ಟೇ ಸಮರ್ಥವಾಗಿರುತ್ತದೆ. ಅಮೆರಿಕದಲ್ಲಿ 2021ರಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳು. ಬೇರೆ ವಿಧಾನಗಳಲ್ಲಿ ಪ್ರಯತ್ನಿಸಿದವರಲ್ಲಿ ಬಹಳ ಮಂದಿ ಬದುಕುಳಿಯುತ್ತಾರೆ, ಬಂದೂಕಿನಿಂದ ಪ್ರಯತ್ನಿಸಿದ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಸಾಯುತ್ತಾರೆ. ಒಂದು ಕೆಟ್ಟ ಸಂಜೆಯಲ್ಲಿ ಹದಿಹರೆಯದ ಹುಡುಗನ ಕೈಗೆ ಅದು ಎಷ್ಟು ಬೇಗ ಸಿಗುತ್ತದೆ ಎಂಬುದರ ಮೇಲೆ ಅವನ ಇಡೀ ಬದುಕು ನಿಂತಿರುತ್ತದೆ.

ಆದ್ದರಿಂದ ನಿಮ್ಮ ಸಹೋದ್ಯೋಗಿಯನ್ನು ಸಂಕೋಚವಿಲ್ಲದೆ ಕೇಳಿ: ಕಪಾಟಿಗೆ ಸದಾ ಬೀಗ ಹಾಕಿರುತ್ತದೆಯೇ, ತೋಟೆಗಳು ಬೇರೆ ಕಡೆ ಬೀಗದೊಳಗಿವೆಯೇ, ಕೀಲಿಯೋ ಸಂಖ್ಯೆಯೋ ಮಕ್ಕಳಿಗೆ ಗೊತ್ತಿದೆಯೇ, ಮೇಜಿನ ಮೇಲೆ ಅರ್ಧ ಜೋಡಿಸಿದ್ದು ಬಿಟ್ಟು ಎದ್ದು ಹೋಗುವ ಅಭ್ಯಾಸವಿದೆಯೇ. 17 ವರ್ಷದೊಳಗಿನ ಮಗುವಿನ ಕೈಗೆ ತೋಟೆ ತುಂಬಿದ ಬಂದೂಕು ಸಿಗುವಂತೆ ಅಜಾಗರೂಕತೆಯಿಂದ ಬಿಡುವುದು ಟೆಕ್ಸಾಸ್ ಕಾನೂನಿನಲ್ಲೂ ಅಪರಾಧ. ನೀವು ವರ್ಣಿಸಿದಂಥ ವ್ಯಕ್ತಿ ಈ ಪ್ರಶ್ನೆಗೆ ಬೇಸರಿಸಿಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಬೀಗದ ವಿಷಯವನ್ನು ಈ ವಾರವೇ ಕೇಳುತ್ತೇನೆ. ಟ್ರಿಗರಿನ ವಿವರಣೆ ಓದಿದ ಮೇಲೆ ಅವರು ಮೇಜಿನ ಮುಂದೆ ಕುಳಿತು ಮಾಡುತ್ತಿದ್ದುದು ಏನೆಂಬುದು ಮೊದಲ ಸಲ ಮನಸ್ಸಿಗೆ ಹತ್ತಿತು. ಮುಂದಿನ ಸಲ ರೇಂಜಿಗೆ ಬಂದು ಹಾರಿಸಿ ನೋಡಿ ಎಂದು ಅವರು ಕರೆದಿದ್ದಾರೆ. ನಾನು ಎಚ್-1ಬಿ ವೀಸಾದಲ್ಲಿದ್ದೇನೆ, ಹೋಗಬಹುದೇ?

ಉತ್ತರ 1ರವರಿಂದ (ಓಹಿಯೋ)

ಹೋಗಿ ನೋಡಬಹುದು, ಆದರೆ ಈಗಿನ ಸ್ಥಿತಿಯಲ್ಲಿ ಬಂದೂಕನ್ನಾಗಲಿ ತೋಟೆಯನ್ನಾಗಲಿ ಕೈಗೆ ತೆಗೆದುಕೊಳ್ಳಬೇಡಿ. ವಲಸೆಯೇತರ ವೀಸಾದ ಮೇಲೆ ದೇಶದೊಳಗೆ ಬಂದವರು ಅವನ್ನು ಹೊಂದುವುದನ್ನು ಒಕ್ಕೂಟದ ಕಾನೂನು ನಿಷೇಧಿಸುತ್ತದೆ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಾರಿಸುವುದೂ ಹೊಂದಿದಂತೆಯೇ. ಕೆಲವು ವಿನಾಯಿತಿಗಳಿವೆ, ಅವುಗಳಲ್ಲಿ ಸಾಮಾನ್ಯರಿಗೆ ಎಟುಕುವುದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಪರವಾನಗಿ. ಅದನ್ನು ಪಡೆಯುವ ಮೊದಲು ನಿಮ್ಮ ವಲಸೆ ವಕೀಲರೊಡನೆ ಮಾತಾಡಿ, ಏಕೆಂದರೆ ಇಲ್ಲಿ ತಪ್ಪಿದರೆ ವೀಸಾಕ್ಕೇ ಕುತ್ತು. ಅಲ್ಲಿಯವರೆಗೆ ಅವರು ಬಿಡಿಭಾಗಗಳನ್ನು ಜೋಡಿಸುವಾಗ ಪಕ್ಕದಲ್ಲಿ ಕುಳಿತು, ಯಾವ ಭಾಗ ಏಕೆ ಬದಲಿಸುತ್ತಿದ್ದೀರಿ ಎಂದು ಕೇಳಿ. ಅವರು ಸಂತೋಷದಿಂದ ವಿವರಿಸುತ್ತಾರೆ.