ಇಪ್ಪತ್ನಾಲ್ಕು ಕಪ್‌ಕೇಕು, ಮೂರೇ ಬಣ್ಣ

ಸೀನ: ವಿಮಲಕ್ಕ, ಭಾನುವಾರ ಮಗಳ ಬರ್ತ್‌ಡೇ. ಇಪ್ಪತ್ನಾಲ್ಕು ಕಪ್‌ಕೇಕು ಆಗ್ಬೇಕು, ಒಂದೊಂದರ ಮೇಲೂ ಕಾಮನಬಿಲ್ಲು ಇರ್ಬೇಕು ಅಂತ ಅಪ್ಪಣೆಯಾಗಿದೆ.

ಗುಂಡಣ್ಣ: ಬೇಕರಿಗೆ ಹೇಳಿ ಕೈ ತೊಳ್ಕೊಳ್ಳೋ.

ಪದ್ದಿ: ಬೇಕರಿ ಬಣ್ಣದ ಸುದ್ದಿ ಮರ್ತೇ ಹೋಯ್ತಾ? 2024ರ ಅಕ್ಟೋಬರಲ್ಲಿ ಆಹಾರ ಸುರಕ್ಷತೆಯವರು ಪರೀಕ್ಷೆ ಮಾಡಿಸಿದ 235 ಕೇಕಿನಲ್ಲಿ 12ರ ಬಣ್ಣ ಅಪಾಯದ್ದು ಅಂತ ಬಂತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಎರಡರ ಮಾನವೂ ಹೋಯ್ತು.

ಗುಂಡಣ್ಣ: ಅದೇ ವರ್ಷ ಮಾರ್ಚಲ್ಲಿ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕೋ ಹಾಗಿಲ್ಲ ಅಂದ್ರು. ಅವತ್ತಿಂದ ಗೋಬಿ ಮುಖ ನೋಡಕ್ಕಾಗ್ತಿಲ್ಲ.

ವಿಮಲಕ್ಕ: ಮನೇಲೂ ಬಾಟಲಿ ಬಗ್ಗಿಸಿದ್ರೆ ಅದೇ ಕಥೆ ಕಣೋ. ಕೇಕಿಗೆ ಬಣ್ಣ ಬೇಡ, ಮೇಲಿನ ಕ್ರೀಮಿಗೆ ಮಾತ್ರ. ಬರ್ಕೋ. ಯಾರ ಮನೇಲಿ ಮೊಟ್ಟೆ ತಿಂತಾರೋ ಬಿಡ್ತಾರೋ, ಮೊಸರಿನದ್ದೇ ಮಾಡು. ಹನ್ನೆರಡಕ್ಕೆ ಮೈದಾ 190 ಗ್ರಾಂ, ಪುಡಿ ಸಕ್ಕರೆ 150, ಹುಳಿಯಿಲ್ಲದ ಮೊಸರು ಒಂದು ಕಪ್, ಎಣ್ಣೆ ಅರ್ಧ ಕಪ್, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ, ವೆನಿಲಾ ಒಂದು.

ಗುಂಡಣ್ಣ: ಕಡಲೆಕಾಯಿ ಎಣ್ಣೆ?

ಪದ್ದಿ: ಅದಕ್ಕೆ ಒಗ್ಗರಣೆನೂ ಹಾಕ್ಬಿಡು. ಸೂರ್ಯಕಾಂತಿ ಎಣ್ಣೆ ಕಣೋ, ವಾಸನೆ ಇರಬಾರದು. ಸೀನ, ಸೋಡಾನ ಮೊಸರಿಗೆ ಹಾಕಿ ಐದು ನಿಮಿಷ ಬಿಡು. ನೊರೆ ಬಂದಮೇಲೆ ಮೈದಾ ಹಾಕು.

ವಿಮಲಕ್ಕ: ಅದು ಹನ್ನೆರಡೂ ಒಟ್ಟಿಗೆ ಹಿಡಿಸೋ ಓವನ್ ಇರೋರಿಗೆ. ಇವನ ಓಟಿಜಿಗೆ ಹಿಡಿಸೋದು ಆರು ಗುಳಿ ತಟ್ಟೆ. ಮೊದಲ ಆರು ಬೇಯೋ ಹೊತ್ತಿಗೆ ಉಳಿದ ಹಿಟ್ಟಿನ ಗಾಳಿಯೆಲ್ಲ ಹೋಗಿ, ಎರಡನೇ ಸರ್ತಿಯದ್ದು ಏಳೋದೇ ಇಲ್ಲ. ಸೋಡಾನ ಮೈದಾ ಜೊತೆ ಜರಡಿ ಹಿಡಿ. ಒಣದ್ದು ಒಂದು ಕಡೆ, ಒದ್ದೆಯದ್ದು ಒಂದು ಕಡೆ ಇಟ್ಕೊಂಡು, ತೂಕ ಮಾಡಿ ಆರಾರಕ್ಕೆ ಮಾತ್ರ ಕಲಸು.

ಸೀನ: ಎಷ್ಟು ಹೊತ್ತು ಕಲಸ್ಬೇಕು?

ವಿಮಲಕ್ಕ: ಮೈದಾ ಕಾಣದೆ ಹೋದ ತಕ್ಷಣ ನಿಲ್ಸು. ಚಪಾತಿ ಹಿಟ್ಟಿನ ಮೇಲಿನ ಸಿಟ್ಟು ಇಲ್ಲಿ ತೀರಿಸ್ಕೊಂಡ್ರೆ ಜಿಗುಟು ಬಂದು ಒಳಗೆ ಸುರಂಗ ಬೀಳುತ್ತೆ. ಪೇಪರ್ ಕಪ್ಪಿನ ಮೂರರಲ್ಲಿ ಎರಡು ಪಾಲು ತುಂಬು, ಹೆಚ್ಚಾದ್ರೆ ಉಕ್ಕಿ ಟೋಪಿಯಾಗುತ್ತೆ. ಹತ್ತು ನಿಮಿಷ ಮೊದಲೇ ಕಾಯಿಸಿದ ಓವನ್, 175 ಡಿಗ್ರಿ, ಮಧ್ಯದ ಅರೆ, ಸುಮಾರು 20 ನಿಮಿಷ.

ಪದ್ದಿ: ನಡುವೆ ಬಾಗಿಲು ತೆಗೆದು ‘ಆಯ್ತಾ’ ಅಂತ ಕೇಳ್ಬೇಡ. ಹದಿನೈದು ನಿಮಿಷದೊಳಗೆ ತೆಗೆದ್ರೆ ನಡು ಕುಸಿಯುತ್ತೆ. ಮೂತಿ ಚೂಪಾಗಿ ಮೇಲೆ ಬಿರುಕು ಬಿಟ್ರೆ ಬಿಸಿ ಜಾಸ್ತಿಯಾಗಿದೆ ಅಂತ. ಕಡ್ಡಿ ಚುಚ್ಚಿದಾಗ ಹಸಿ ಹಿಟ್ಟು ಅಂಟದಿದ್ರೆ ಆಯ್ತು.

ವಿಮಲಕ್ಕ: ಐದು ನಿಮಿಷಕ್ಕೆ ತಟ್ಟೆಯಿಂದ ಎತ್ತಿ, ಜರಡಿ ಬೋರಲು ಹಾಕಿ ಅದರ ಮೇಲಿಡು. ಗುಳಿಯಲ್ಲೇ ಬಿಟ್ರೆ ಬೆವೆತು ಪೇಪರ್ ಬಿಟ್ಕೊಳ್ಳುತ್ತೆ. ಇನ್ನು ಕ್ರೀಮು, ಅಸಲಿ ಪರೀಕ್ಷೆ ಅಲ್ಲಿರೋದು.

ಸೀನ: ಅಮ್ಮ ಬಣ್ಣಕ್ಕೆ ಅರಿಶಿನ, ಬೀಟ್‌ರೂಟ್ ಸಾಕು ಅಂತಾರೆ.

ಪದ್ದಿ: ಹಿಟ್ಟಿಗಂತೂ ಬೇಡ. ಸೋಡಾ ಜಾಸ್ತಿಯಾದ್ರೆ ಅರಿಶಿನ ಕೆಂಪಗೆ ತಿರುಗುತ್ತೆ. ಆರತಿ ಓಕುಳಿಗೆ ಸುಣ್ಣ ಕಲಸಿದಾಗ ನೋಡಿಲ್ವಾ? ಬೀಟ್‌ರೂಟ್ ಬಿಸಿಗೆ ಕಂದಾಗುತ್ತೆ. ಅದರ ರಸ ಕ್ರೀಮಿಗೆ ಹಾಕಿದ್ರೆ ನೀರು ಬಿಡುತ್ತೆ.

ವಿಮಲಕ್ಕ: ತಿನ್ನೋದಕ್ಕೆ ಅಂತ ಬರೋ ಜೆಲ್ ಬಣ್ಣ ತಗೋ. ಇಪ್ಪತ್ನಾಲ್ಕಕ್ಕೆ ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಐಸಿಂಗ್ ಶುಗರ್ 400. ಒಂದಕ್ಕೆ 25 ಗ್ರಾಂ ಲೆಕ್ಕ.

ಗುಂಡಣ್ಣ: ಊರಿಂದ ಬಂದ ಮನೆ ಬೆಣ್ಣೆ ಇದೆಯಲ್ಲ?

ವಿಮಲಕ್ಕ: ಅದನ್ನ ರೊಟ್ಟಿ ಮೇಲೆ ಹಾಕ್ಕೋ. ಅದರಲ್ಲಿ ನೀರು, ಮಜ್ಜಿಗೆ ಇರುತ್ತೆ, ಕ್ರೀಮು ಒಡೆಯುತ್ತೆ. ಬೆರಳು ಒತ್ತಿದ್ರೆ ಗುಳಿ ಬೀಳ್ಬೇಕು, ಜಾರಬಾರದು, ಅದು ಬೆಣ್ಣೆ ಹದ. ಮೊದಲು ಬೆಣ್ಣೆ ಒಂದನ್ನೇ ಏಳು ನಿಮಿಷ ಬೀಟರಲ್ಲಿ ಹೊಡಿ. ಹಳದಿ ಹೋಗಿ ಬಿಳುಪು ಬರ್ಬೇಕು. ಆಮೇಲೆ ಸಕ್ಕರೆ ಜರಡಿ ಹಿಡಿದು ಮೂರು ಸಲ ಹಾಕು. ಬಿಗಿಯಾದ್ರೆ ಹಾಲು ಒಂದು ಚಮಚ, ಅಷ್ಟೇ.

ಸೀನ: ಅಷ್ಟು ಹೊಡೀಲೇಬೇಕಾ?

ಪದ್ದಿ: ಹಳದಿ ಬೆಣ್ಣೆಗೆ ನೀಲಿ ಹಾಕಿದ್ರೆ ಹಸಿರಾಗುತ್ತಲ್ಲ! ಬಿಳಿ ಮಾಡಿದ ಮೇಲೂ ಹಳದಿ ಉಳಿದ್ರೆ, ಟೂತ್‌ಪಿಕ್ ತುದಿಯಷ್ಟು ನೇರಳೆ ಬೆರೆಸು, ಹಳದಿ ಸಾಯುತ್ತೆ. ಬಟ್ಟೆಗೆ ನೀಲಿ ಹಾಕೋ ಲೆಕ್ಕವೇ.

ಸೀನ: ಏಳು ಬಣ್ಣಕ್ಕೆ ಏಳು ಡಬ್ಬಿ ತರ್ಲಾ?

ವಿಮಲಕ್ಕ: ಮೂರೇ ಸಾಕು. ಗುಲಾಬಿ, ಹಳದಿ, ನೀಲಿ. ಟೂತ್‌ಪಿಕ್ ಅದ್ದಿ ಕ್ರೀಮಲ್ಲಿ ಎಳಿ. ಸಾಲದು ಅನ್ಸಿದ್ರೆ ಇನ್ನೊಂದು ಹೊಸ ಕಡ್ಡಿ ತಗೋ, ಎಂಜಲು ಕಡ್ಡಿ ಡಬ್ಬಿಗೆ ಹೋಗಬಾರದು. ಸ್ವಲ್ಪ ಪೇಲವ ಇರುವಾಗಲೇ ನಿಲ್ಸು, ಎರಡು ಗಂಟೆ ಬಿಟ್ರೆ ತಾನೇ ಗಾಢವಾಗುತ್ತೆ. ಕಡುಗೆಂಪು ಬೇಕು ಅಂತ ಹಟ ಹಿಡಿದ್ರೆ ಕಹಿ ಬರುತ್ತೆ, ಮಕ್ಕಳ ನಾಲಿಗೆ ಮರುದಿನ ಸ್ಕೂಲಲ್ಲೂ ಸಾಕ್ಷಿ ಹೇಳುತ್ತೆ.

ಗುಂಡಣ್ಣ: ಮೂರರಲ್ಲಿ ಕಾಮನಬಿಲ್ಲು ಹೆಂಗೆ?

ವಿಮಲಕ್ಕ: ಕ್ಲಿಂಗ್ ಫಿಲ್ಮ್ ಹಾಸಿ ಮೂರೂ ಕ್ರೀಮನ್ನ ಪಕ್ಕಪಕ್ಕ ಪಟ್ಟಿ ಎಳಿ. ಸುತ್ತಿ, ಒಂದು ತುದಿ ಕತ್ತರಿಸಿ, ನಕ್ಷತ್ರದ ನಾಝಲ್ ಇರೋ ಪೈಪಿಂಗ್ ಬ್ಯಾಗಿಗೆ ಇಳಿಸು. ಗುಲಾಬಿ ಹಳದಿ ಸೇರೋ ಕಡೆ ಕಿತ್ತಳೆ, ಹಳದಿ ನೀಲಿಗೆ ಹಸಿರು, ನೀಲಿ ಗುಲಾಬಿಗೆ ನೇರಳೆ. ಕೆಂಪು ಹಸಿರು ಅಕ್ಕಪಕ್ಕ ಇಟ್ರೆ ಮಾತ್ರ ಸಗಣಿ ಬಣ್ಣ.

ಪದ್ದಿ: ಕೇಕು ಪೂರಾ ಆರಿರ್ಬೇಕು. ಬ್ಯಾಗು ಅರ್ಧ ಮಾತ್ರ ತುಂಬು, ಕೈ ಬಿಸಿಗೇ ಕ್ರೀಮು ಸಡಿಲವಾಗುತ್ತೆ. ಹಾಗಾದ್ರೆ ಹತ್ತು ನಿಮಿಷ ಫ್ರಿಜ್ಜಲ್ಲಿಡು. ಅಂಚಿಂದ ಶುರು ಮಾಡಿ ಎರಡು ಸುತ್ತು ಬಂದು, ಒತ್ತೋದು ನಿಲ್ಲಿಸಿ ಆಮೇಲೆ ಎತ್ತು. ಒತ್ತುತ್ತಲೇ ಎತ್ತಿದ್ರೆ ಬಾಲ ಬರುತ್ತೆ.

ಸೀನ: ಮೇಲೆ ಜೆಮ್ಸ್, ಬೆಳ್ಳಿ ಗುಂಡು?

ವಿಮಲಕ್ಕ: ಸ್ಪ್ರಿಂಕಲ್ಸ್ ತಕ್ಷಣ ಉದುರಿಸು, ಕ್ರೀಮಿನ ಮೇಲೆ ಪೊರೆ ಕಟ್ಟಿದ್ರೆ ಅಂಟಲ್ಲ. ಜೆಮ್ಸ್ ಮಾತ್ರ ಮಕ್ಕಳು ಬಂದ ಮೇಲೆ. ಫ್ರಿಜ್ಜಿಂದ ತೆಗೆದಾಗ ಬೆವೆತು ಬಣ್ಣ ಕಾರುತ್ತೆ. ಬೆಳ್ಳಿ ಗುಂಡು ಕಲ್ಲಿನಂಗಿರುತ್ತೆ, ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಕ್ರೀಮು ಶುಕ್ರವಾರ ಮಾಡಿ ಫ್ರಿಜ್ಜಲ್ಲಿಡು, ಕೇಕು ಶನಿವಾರ ರಾತ್ರಿ ಡಬ್ಬಿಗೆ, ಅಲಂಕಾರ ಭಾನುವಾರ ಬೆಳಿಗ್ಗೆ. ಕ್ರೀಮನ್ನ ಹೊರಗಿಟ್ಟು ಮೆತ್ತಗಾದ ಮೇಲೆ ಇನ್ನೊಂದು ಸಲ ಹೊಡಿ.

ಗುಂಡಣ್ಣ: ಮಕ್ಕಳು ಹೇಗೂ ಕ್ರೀಮು ನೆಕ್ಕಿ ಕೇಕು ಬಿಟ್ಟೇಳ್ತಾವೆ. ನಾನು ಆರೂವರೆಗೆ ಬರ್ಲಾ?

ಪದ್ದಿ: ಬಾ. ಐದಕ್ಕೇ ಬಂದ್ರೆ ಬೀಟರ್ ತೊಳಿಯೋ ಕೆಲಸ ಇದೆ.